ಸರ್ ಸಿ.ವಿ. ರಾಮನ್ ಮತ್ತು ಶಬ್ದ ವಿಜ್ಞಾನ

ಭಾರತರತ್ನ ಸರ್ ಚಂದ್ರಶೇಖರ ವೆಂಕಟ ರಾಮನ್ ಅವರ ಹೆಸರನ್ನು ಕೇಳದವರು ವಿರಳ. ಬೆಳಕಿನ ಚದುರುವಿಕೆಯ ಕುರಿತು ಅವರು ಮಾಡಿದ ಶೋಧದ ನೆನಪಿಗಾಗಿ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವನ್ನಾಗಿ 1987ರಿಂದ ದೇಶಾದ್ಯಂತ ಆಚರಿಸಲಾಗುತ್ತಿದೆ. ಆದರೆ ಬೆಳಕಿನ ಕಡೆಗೆ ಪೂರ್ಣವಾಗಿ ತಿರುಗುವ ಮುನ್ನ ಶ್ರೀಯುತರು ಹತ್ತಕ್ಕೂ ಹೆಚ್ಚು ವರ್ಷಗಳ ಕಾಲ ಶಬ್ದದ ಅಧ್ಯಯನದಲ್ಲಿ ತೊಡಗಿದ್ದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಅವಧಿಯ ಬಹುಭಾಗ ಅವರು ಸರ್ಕಾರದ ಲೆಕ್ಕಪತ್ರ ಇಲಾಖೆಯ ಪೂರ್ಣಾವಧಿ ಅಧಿಕಾರಿಯಾಗಿದ್ದರೆಂಬುದೂ ಗಮನಾರ್ಹ. ಅವರ ಜೀವನದ ಈ ಭಾಗವನ್ನು ಹಾಗೂ ಶಬ್ದ ತರಂಗಗಳ ಮೂಲ ತತ್ತ್ವಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿದ್ದು, ಪಿಟೀಲು ನುಡಿಸಬಲ್ಲವರೂ ಆಗಿದ್ದರು. ಪುಸ್ತಕ ಹಾಗೂ ವಾದ್ಯ ಎರಡೂ ಇದ್ದ ಮನೆಯಲ್ಲಿ ಬೆಳೆದ ಬಾಲಕ ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಹಾಗೂ ಭೌತಶಾಸ್ತ್ರದ ಚಿನ್ನದ ಪದಕ, 1907ರಲ್ಲಿ ಎಂ.ಎ. ಪದವಿ ಪಡೆದರು. ವಿದ್ಯಾರ್ಥಿಯಾಗಿರುವಾಗಲೇ, 1906ರಲ್ಲಿ, ಬೆಳಕಿಗೆ ಸಂಬಂಧಿಸಿದ ಅವರ ಮೊದಲ ಲೇಖನ ಲಂಡನ್ನಿನ ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ವಯಸ್ಸಿನಲ್ಲಿ ಅವರ ಮೇಲೆ ಗಾಢ ಪ್ರಭಾವ ಬೀರಿದವರು ಇಬ್ಬರು. ಒಬ್ಬರು ಸಂಗೀತ ಸ್ವರಗಳ ಶ್ರವಣವನ್ನು ಶಾಸ್ತ್ರೀಯವಾಗಿ ವಿವರಿಸಿದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಇನ್ನೊಬ್ಬರು ಶಬ್ದದ ಗಣಿತವನ್ನು ಎರಡು ಸಂಪುಟಗಳಲ್ಲಿ ಬರೆದ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ. ರಾಮನ್ ಅವರೊಡನೆ ಪತ್ರವ್ಯವಹಾರ ನಡೆಸಿದ ರ‍್ಯಾಲೆಯವರು ಅವರನ್ನು ಕಾಲೇಜಿನ ಪ್ರಾಧ್ಯಾಪಕರೆಂದೇ ಭಾವಿಸಿ ಸಂಬೋಧಿಸಿದ್ದರು.

ಹೆಚ್ಚಿನ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ತೆರಳುವುದು ಅಂದಿನ ಪದ್ಧತಿ. ಮದರಾಸಿನ ಸಿವಿಲ್ ಸರ್ಜನ್ ಅವರು ಪರೀಕ್ಷಿಸಿ, ಈ ಕೃಶ ಶರೀರ ಅಲ್ಲಿಯ ಚಳಿಯನ್ನು ತಾಳಲಾರದೆಂದು ತಿಳಿಸಿದ್ದರಿಂದ ಆ ದಾರಿ ಮುಚ್ಚಿತು. ವಿಜ್ಞಾನಿಯಾಗಿ ಜೀವನ ನಿರ್ವಹಿಸುವ ಅವಕಾಶ ಆಗ ಭಾರತದಲ್ಲಿ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಅವರು 1907ರಲ್ಲಿ ಹಣಕಾಸು ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತು ಪ್ರಥಮ ಸ್ಥಾನ ಗಳಿಸಿದರು. ಅದೇ ವರ್ಷ ವೀಣಾವಾದನ ಬಲ್ಲ ಲೋಕಸುಂದರಿಯವರೊಡನೆ ವಿವಾಹವಾಯಿತು. ಹದಿನೆಂಟು ವರ್ಷ ವಯಸ್ಸಿನ ರಾಮನ್ ಅವರು ಕಲ್ಕತ್ತಾದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್, ಅಂದರೆ ಸಹಾಯಕ ಮಹಾಲೇಖಪಾಲರಾಗಿ ಅಧಿಕಾರ ವಹಿಸಿಕೊಂಡರು.

ಲೆಕ್ಕಪತ್ರದ ಮೇಜು ಮತ್ತು ಪ್ರಯೋಗಶಾಲೆ

ಕಲ್ಕತ್ತಾಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ಟ್ರಾಮಿನಲ್ಲಿ ಸಾಗುವಾಗ ಬೌಬಜಾರ್ ರಸ್ತೆಯ 210ನೇ ಸಂಖ್ಯೆಯ ಕಟ್ಟಡದ ಫಲಕವೊಂದು ಅವರ ಕಣ್ಣಿಗೆ ಬಿತ್ತು. ಅದು ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆ. ಉಪಕರಣಗಳಿದ್ದರೂ ಬಳಸುವವರಿಲ್ಲದೆ ಆ ಪ್ರಯೋಗಶಾಲೆ ಬಹುತೇಕ ಬರಿದಾಗಿತ್ತು. ಸಂಸ್ಥಾಪಕರ ಪುತ್ರ, ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್ ಅವರು ಈ ತರುಣ ಅಧಿಕಾರಿಗೆ ಅದನ್ನು ಸಂತೋಷದಿಂದ ತೆರೆದುಕೊಟ್ಟರು.

ಅಂದಿನಿಂದ ಅವರ ದಿನಚರಿ ನಿಶ್ಚಿತವಾಯಿತು. ಬೆಳಗಿನ ಜಾವ ಪ್ರಯೋಗಶಾಲೆ. ಹತ್ತು ಗಂಟೆಯ ಹೊತ್ತಿಗೆ ಕಚೇರಿ. ಸಂಜೆ ಐದರ ಬಳಿಕ ರಾತ್ರಿಯವರೆಗೆ ಪುನಃ ಪ್ರಯೋಗಶಾಲೆ. ಕಚೇರಿಯ ಕಡತಗಳನ್ನು ಅವರು ಎಂದೂ ಅಲಕ್ಷಿಸಲಿಲ್ಲ. ಮೇಲಧಿಕಾರಿಗಳು ಅವರನ್ನು ದಕ್ಷ ಅಧಿಕಾರಿಯೆಂದು ಪರಿಗಣಿಸಿದ್ದರು. 1909ರಲ್ಲಿ ರಂಗೂನಿಗೆ, 1910ರಲ್ಲಿ ನಾಗಪುರಕ್ಕೆ ವರ್ಗಾವಣೆಯಾದಾಗ ಪ್ರಯೋಗಶಾಲೆ ಕೈತಪ್ಪಿತು. ನಾಗಪುರದಲ್ಲಿ ಮನೆಯ ಒಂದು ಭಾಗವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡರು. 1911ರಲ್ಲಿ ಅವರು ಕಲ್ಕತ್ತಾಕ್ಕೆ ಮರಳಿದರು. ಹೀಗೆ ಬಿಡುವಿನ ವೇಳೆಯಲ್ಲಿಯೇ ಹತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು.

ಅವರು ಶಬ್ದವನ್ನೇ ವಿಷಯವಾಗಿ ಆರಿಸಿಕೊಂಡಿದ್ದಕ್ಕೆ ಅಭಿರುಚಿಯಷ್ಟೇ ಸೌಕರ್ಯವೂ ಕಾರಣವಾಗಿದ್ದಿರಬೇಕು. ಒಂದು ತಂತಿ, ಒಂದು ಶ್ರುತಿಕವಲು, ಒಂದು ಕ್ಯಾಮೆರಾ ಇದ್ದರೆ ಈ ಶಾಸ್ತ್ರದಲ್ಲಿ ಹೊಸ ಕೆಲಸ ಮಾಡಬಹುದಾಗಿತ್ತು. ಉಳಿದ ಉಪಕರಣಗಳು ಬಜಾರಿನ ವಾದ್ಯದಂಗಡಿಗಳಲ್ಲಿಯೇ ದೊರೆಯುತ್ತಿದ್ದವು.

ಶಬ್ದ ಎಂದರೇನು

ರಾಮನ್ ಅವರ ಕಾರ್ಯವನ್ನು ಅರಿಯಲು ಕೆಲವು ಮೂಲ ವಿಷಯಗಳನ್ನು ತಿಳಿಯುವುದು ಅವಶ್ಯ. ಕಂಪಿಸುವ ವಸ್ತುವೊಂದು ತನ್ನ ಪಕ್ಕದ ಗಾಳಿಯನ್ನು ಒಮ್ಮೆ ಒತ್ತಿ ಒಮ್ಮೆ ಸಡಿಲಿಸುತ್ತದೆ. ಒತ್ತಿದ ಪದರ ಮುಂದಿನ ಪದರವನ್ನು ಒತ್ತುತ್ತದೆ. ಅದು ಅದರ ಮುಂದಿನದನ್ನು. ಹೀಗೆ ಸಾಗುವ ಒತ್ತಡದ ಅಲೆಯೇ ಶಬ್ದ. ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಿಲ್ಲ. ಅದರ ಕಣಗಳು ಇದ್ದಲ್ಲಿಯೇ ಹಿಂದೆ ಮುಂದೆ ಅಲುಗುತ್ತವೆ, ಅಲುಗಾಟ ಮಾತ್ರ ಮುಂದೆ ಸಾಗುತ್ತದೆ. ಕಣಗಳ ಅಲುಗಾಟವೂ ಅಲೆಯ ಚಲನೆಯೂ ಒಂದೇ ದಿಕ್ಕಿನಲ್ಲಿರುವುದರಿಂದ ಇದನ್ನು ಅನುದೈರ್ಘ್ಯ ತರಂಗ ಎನ್ನುತ್ತಾರೆ. ಮಾಧ್ಯಮವಿಲ್ಲದ ನಿರ್ವಾತದಲ್ಲಿ ಶಬ್ದ ಸಂಚರಿಸಲಾರದು.

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನೀರಿನಲ್ಲಿ ಇದರ ನಾಲ್ಕು ಪಟ್ಟಿಗೂ ಹೆಚ್ಚು. ಉಕ್ಕಿನಲ್ಲಿ ಇನ್ನೂ ಹೆಚ್ಚು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿ ಆಗಿದೆಯೆಂದು ತಿಳಿಯುವುದು ಈ ಲೆಕ್ಕದಿಂದಲೇ. ಹೊಲದಲ್ಲಿ ಕೆಲಸ ಮಾಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ವಸ್ತುವೊಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಯೋ ಅದು ಅದರ ಆವೃತ್ತಿ. ಇದರ ಅಳತೆ ಹರ್ಟ್ಜ್. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಜ್‌ವರೆಗಿನ ಶಬ್ದ ಕೇಳಿಸುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಸ್ವರ ತಾರಕ್ಕೆ ಏರುತ್ತದೆ. ಮಧ್ಯ ಷಡ್ಜದ ಆವೃತ್ತಿ ಇಮ್ಮಡಿಯಾದರೆ ತಾರ ಷಡ್ಜ.

ಬಿಗಿದ ತಂತಿಯನ್ನು ಮೀಟಿದಾಗ ಅದು ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಇಡೀ ತಂತಿ ಒಂದಾಗಿ, ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿ ಏಕಕಾಲದಲ್ಲಿ ಕಂಪಿಸುತ್ತದೆ. ಅವುಗಳ ಆವೃತ್ತಿಗಳು 1, 2, 3, 4 ಎಂಬ ಪೂರ್ಣಾಂಕಗಳ ಅನುಪಾತದಲ್ಲಿರುತ್ತವೆ. ಇವೇ ಸಂಗತ ಸ್ವರಗಳು. ಕಿವಿಗೆ ಇವು ಬೇರೆ ಬೇರೆಯಾಗಿ ತೋರದೆ ಒಂದೇ ತುಂಬು ನಾದವಾಗಿ ಕೇಳಿಸುತ್ತವೆ. ವೀಣೆಗೂ ಕೊಳಲಿಗೂ ಒಂದೇ ಸ್ವರದಲ್ಲಿ ಇರುವ ವ್ಯತ್ಯಾಸ, ಈ ಸಂಗತ ಸ್ವರಗಳಲ್ಲಿ ಯಾವುದು ಎಷ್ಟು ಪ್ರಬಲವಾಗಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಮೃದಂಗದ ರಹಸ್ಯ

ತಂತಿಯ ಈ ನಿಯಮ ಚರ್ಮಕ್ಕೆ ಅನ್ವಯಿಸುವುದಿಲ್ಲ. ಎಲ್ಲೆಡೆ ಒಂದೇ ದಪ್ಪವಿರುವ ಚರ್ಮವನ್ನು ವೃತ್ತಾಕಾರದ ಚೌಕಟ್ಟಿಗೆ ಬಿಗಿದು ಬಡಿದರೆ ಹೊರಡುವ ಸ್ವರಗಳ ಆವೃತ್ತಿಗಳು 1, 1.59, 2.14, 2.30, 2.65 ಎಂಬಂತೆ ಒಂದಕ್ಕೊಂದು ಹೊಂದದ ಅನುಪಾತದಲ್ಲಿರುತ್ತವೆ. ಅವು ಕೂಡಿ ನಾದವಾಗದೆ ಬರಿಯ ಸದ್ದಾಗುತ್ತವೆ. ಈ ಕಾರಣದಿಂದ ಚರ್ಮವಾದ್ಯಗಳೆಲ್ಲವೂ ಶ್ರುತಿಯ ಲೆಕ್ಕಕ್ಕೆ ಸೇರದವು, ತಾಳಕ್ಕೆ ಮಾತ್ರ ಒದಗುವಂಥವು ಎಂಬ ಅಭಿಪ್ರಾಯ ಯುರೋಪಿನ ಗ್ರಂಥಗಳಲ್ಲಿ ನೆಲೆಗೊಂಡಿತ್ತು.

ಮೃದಂಗ, ತಬಲಾಗಳನ್ನು ಕೇಳುತ್ತ ಬೆಳೆದವರಿಗೆ ಇದು ಸರಿಯಲ್ಲವೆಂದು ಕಿವಿಯೇ ಹೇಳುತ್ತದೆ. ಹಾಡುಗಾರರ ಷಡ್ಜಕ್ಕೆ ಸರಿಯಾಗಿ ಮೃದಂಗವನ್ನು ಶ್ರುತಿ ಮಾಡದೆ ನಮ್ಮಲ್ಲಿ ಕಛೇರಿಯೇ ಆರಂಭವಾಗುವುದಿಲ್ಲ. ಕಿವಿ ಹೇಳುವುದಕ್ಕೂ ಗ್ರಂಥ ಹೇಳುವುದಕ್ಕೂ ಇದ್ದ ಈ ಅಂತರವನ್ನು ರಾಮನ್ ಅವರು ಪರೀಕ್ಷೆಗೆ ಒಡ್ಡಿದರು. ಶಿವಕಾಳಿ ಕುಮಾರ್ ಅವರೊಡನೆ ನಡೆಸಿದ ಈ ಅಧ್ಯಯನದ ಸಾರ 1920ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಸ್ತೃತ ಲೇಖನವನ್ನು ಅವರು 1934ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದರು.

ರಹಸ್ಯವಿರುವುದು ಮೃದಂಗದ ಬಲಗಡೆಯ ಚರ್ಮದ ನಡುವೆ ಕಾಣುವ ಕರಿಯ ವೃತ್ತದಲ್ಲಿ. ಇದನ್ನು ಕರಣೆ ಎನ್ನುತ್ತಾರೆ. ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾಗಿ ಪದರದ ಮೇಲೆ ಪದರವಾಗಿ ಮೆತ್ತಿ, ಪ್ರತಿ ಪದರವನ್ನೂ ನುಣುಪು ಕಲ್ಲಿನಿಂದ ಉಜ್ಜಿ ಒಣಗಿಸುತ್ತಾರೆ. ನಡುವೆ ದಪ್ಪ, ಅಂಚಿನ ಕಡೆಗೆ ತೆಳುವು. ಈ ಹೊರೆಯಿಂದಾಗಿ ಚರ್ಮದ ನಡುಭಾಗ ಭಾರವಾಗುತ್ತದೆ. ಇಡೀ ಚರ್ಮ ಒಮ್ಮೆಗೇ ಮೇಲೆ ಕೆಳಗೆ ಆಡುವ ಮೂಲ ಕಂಪನದಲ್ಲಿ ನಡುಭಾಗವೇ ಅತಿ ಹೆಚ್ಚು ಚಲಿಸುವುದರಿಂದ ಹೊರೆಯ ಪರಿಣಾಮ ಅದರ ಮೇಲೆ ಅಧಿಕ, ಅದು ನಿಧಾನವಾಗುತ್ತದೆ. ಚರ್ಮ ಎರಡು ಅರ್ಧಗಳಾಗಿ ಆಡುವ ಮುಂದಿನ ಕಂಪನದಲ್ಲಿ ನಡುಗೆರೆ ಅಲುಗುವುದೇ ಇಲ್ಲವಾದ್ದರಿಂದ ಪರಿಣಾಮ ಕಡಿಮೆ. ಪರಿಣಾಮವಾಗಿ 1ಕ್ಕೆ 1.59ರಷ್ಟಿದ್ದ ಅನುಪಾತ ಹಿಗ್ಗಿ 1ಕ್ಕೆ 2 ಆಗುತ್ತದೆ.

ಕಂಪಿಸುವ ಚರ್ಮದ ಮೇಲೆ ನಯವಾದ ಮರಳನ್ನು ಉದುರಿಸಿದರೆ ಅದು ಅಲುಗುವ ಭಾಗಗಳಿಂದ ಸರಿದು ಅಲುಗದ ರೇಖೆಗಳ ಮೇಲೆ ಬಂದು ನಿಲ್ಲುತ್ತದೆ. ರಾಮನ್ ಅವರು ಈ ಮರಳಿನ ಚಿತ್ರಗಳ ಮೂಲಕ ಮೃದಂಗದ ಒಂಬತ್ತು ಬಗೆಯ ಕಂಪನಗಳನ್ನು ಗುರುತಿಸಿದರು. ಸಾಮಾನ್ಯ ಚರ್ಮದಲ್ಲಿ ಇವು ಒಂಬತ್ತು ಬೇರೆ ಬೇರೆ ಸ್ವರಗಳಾಗಿ ಚೆದುರುತ್ತಿದ್ದವು. ಮೃದಂಗದಲ್ಲಿ ಮೊದಲನೆಯದು ಮೂಲಸ್ವರ, ಎರಡನೆಯದು ಅದರ ಇಮ್ಮಡಿ. ನಂತರದ ಎರಡು ಕೂಡಿ ಮೂರನೆಯ ಸಂಗತ ಸ್ವರ, ಮತ್ತೆರಡು ಕೂಡಿ ನಾಲ್ಕನೆಯದು, ಉಳಿದ ಮೂರು ಕೂಡಿ ಐದನೆಯದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಒಂಬತ್ತು ಬಾಬ್ತುಗಳು ಐದು ಲೆಕ್ಕ ಶೀರ್ಷಿಕೆಗಳ ಅಡಿಯಲ್ಲಿ ಏನೂ ಉಳಿಯದಂತೆ ತಾಳೆಯಾಗುತ್ತವೆ. ಇದಕ್ಕೂ ಮೇಲಿನ ಬೇಡದ ಸ್ವರಗಳನ್ನು ಕರಣೆಯ ಹೊರೆ ಹಾಗೂ ಅಂಚಿನ ಸುತ್ತ ಇರುವ ಎರಡನೆಯ ಚರ್ಮದ ಬಳೆ ಅಡಗಿಸುತ್ತವೆ.

ವಾದಕರ ಬೆರಳುಗಾರಿಕೆಯ ಅರ್ಥವೂ ಇದರಿಂದ ಸ್ಪಷ್ಟವಾಯಿತು. ಉಂಗುರ ಬೆರಳನ್ನು ಕರಣೆಯ ಅಂಚಿನ ಬಳಿ ಹಗುರವಾಗಿ ಇರಿಸಿ ತೋರುಬೆರಳಿನಿಂದ ಬಡಿದಾಗ ಬೆರಳು ಮುಟ್ಟಿದ ರೇಖೆ ಅಲುಗುವುದಿಲ್ಲ. ಮೂಲಸ್ವರ ಅಡಗಿ ಎರಡನೆಯ ಸಂಗತ ಸ್ವರ ಎದ್ದು ಕೇಳುತ್ತದೆ. ಎಡಗಡೆಯ ಚರ್ಮಕ್ಕೆ ಕಛೇರಿಗೆ ಮುನ್ನ ಹಚ್ಚುವ ರವೆಯ ಹಿಟ್ಟು ಆ ಬದಿಯ ಸ್ವರವನ್ನು ಇಳಿಸಿ ಮಂದ್ರವಾಗಿಸುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಉಚಿತ. ಕರಣೆಯನ್ನು ಮೊದಲು ರೂಪಿಸಿದವರ ಬಳಿ ಸಮೀಕರಣಗಳಿದ್ದವೆಂದು ಇದರ ಅರ್ಥವಲ್ಲ. ಒಂದು ಪದರ ಹಚ್ಚಿ, ಬಡಿದು ಕೇಳಿ, ಇನ್ನೊಂದು ಪದರ ಹಚ್ಚಿ, ತಲೆಮಾರುಗಳ ಕಾಲ ಕಿವಿಯನ್ನೇ ಅಳತೆಗೋಲಾಗಿ ಬಳಸಿ ಕುಶಲಕರ್ಮಿಗಳು ಈ ಹದವನ್ನು ಕಂಡುಕೊಂಡರು. ಹೆಸರು ಉಳಿಯದ ಆ ಜನರ ಕೆಲಸಕ್ಕೆ ವಿಜ್ಞಾನದ ಪತ್ರಿಕೆಯಲ್ಲಿ ಸ್ಥಾನ ದೊರಕಿಸಿದವರು ರಾಮನ್. ಪಾಶ್ಚಾತ್ಯ ಗ್ರಂಥಗಳಲ್ಲಿ ಇಲ್ಲದ ಕಾರಣಕ್ಕೆ ಒಂದು ಸಂಗತಿ ಅಧ್ಯಯನಕ್ಕೆ ಅರ್ಹವಲ್ಲವೆಂದು ಅವರು ಭಾವಿಸಲಿಲ್ಲ.

ತಂತಿವಾದ್ಯಗಳು

ಭಾರತೀಯ ವಾದ್ಯಗಳ ಪೈಕಿ ಏಕತಾರಿಯ ಬಗ್ಗೆ ಅವರು 1909ರಲ್ಲಿಯೇ ಬರೆದಿದ್ದರು. ವೀಣೆ ಮತ್ತು ತಂಬೂರಿಯ ಕುರಿತ ಅಧ್ಯಯನ 1921ರದು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದು ನಿಶ್ಚಲವಾಗಿರಬೇಕಾದ ಸಂಗತ ಸ್ವರ ಹುಟ್ಟಲಾರದು ಎಂಬುದು ಆಗಿನ ನಿಯಮ. ತಂಬೂರಿಯಲ್ಲಿ ಹೀಗೆ ಹುಟ್ಟಬಾರದ ಸ್ವರವೂ ಸ್ಪಷ್ಟವಾಗಿ ಕೇಳುತ್ತದೆ. ಪಿಟೀಲಿನ ಕುದುರೆಯ ಅಂಚು ಚೂಪು. ವೀಣೆ, ತಂಬೂರಿಗಳ ಕುದುರೆ ಅಗಲವಾಗಿದ್ದು ಅದರ ಮೇಲ್ಮೈ ನಸು ಬಾಗಿದೆ. ಕಂಪಿಸುವ ತಂತಿ ಆ ಬಾಗಿದ ಮೇಲ್ಮೈಯನ್ನು ಮುಟ್ಟಿ ಮುಟ್ಟಿ ಏಳುವಾಗ ಹೊಸ ಸಂಗತ ಸ್ವರಗಳು ಹುಟ್ಟುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯನ್ನು ಸರಿಸಿ ಕೂರಿಸುವುದು ಈ ಸ್ಪರ್ಶವನ್ನು ಹದಗೊಳಿಸಲೆಂದೇ.

ಪಿಟೀಲಿನ ಬಗ್ಗೆ ಅವರು ಮಾಡಿದ ಕೆಲಸ ಪರಿಮಾಣದಲ್ಲಿ ಇನ್ನೂ ದೊಡ್ಡದು. ಕಮಾನು ತಂತಿಯನ್ನು ಸ್ವಲ್ಪ ದೂರ ತನ್ನೊಡನೆ ಎಳೆದೊಯ್ಯುತ್ತದೆ, ಬಿಗಿ ಹೆಚ್ಚಿದಾಗ ತಂತಿ ಜಾರಿ ಹಿಂದಿರುಗುತ್ತದೆ, ಪುನಃ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಕ್ರಿಯೆಯನ್ನು ಛಾಯಾಚಿತ್ರಗಳಲ್ಲಿ ಹಿಡಿದು, ಅದರ ಗಣಿತವನ್ನು 1918ರಲ್ಲಿ ವಿವರವಾಗಿ ಪ್ರಕಟಿಸಿದರು. ಮನುಷ್ಯನ ಕೈ ಒಂದೇ ಒತ್ತಡದಲ್ಲಿ ಕಮಾನನ್ನು ಎಳೆಯಲಾರದೆಂದು, ಕಮಾನನ್ನು ಸ್ಥಿರವಾಗಿರಿಸಿ ಪಿಟೀಲನ್ನೇ ಹಿಂದೆ ಮುಂದೆ ಸರಿಸುವ ಯಂತ್ರವೊಂದನ್ನು ನಿರ್ಮಿಸಿ 1920ರಲ್ಲಿ ಅದರ ಫಲಿತಾಂಶಗಳನ್ನು ನೀಡಿದರು. ಕಮಾನನ್ನು ಕುದುರೆಯ ಸಮೀಪಕ್ಕೆ ಒಯ್ದಷ್ಟೂ ಹೆಚ್ಚು ಒತ್ತಡ ಬೇಕೆಂಬ ವಾದಕರ ಅನುಭವಕ್ಕೆ ಇದರಿಂದ ಅಂಕಿಗಳ ಆಧಾರ ದೊರೆಯಿತು. ಜರ್ಮನ್ ಭಾಷೆಯ ಬೃಹತ್ ಭೌತಶಾಸ್ತ್ರ ಕೋಶದ ಎಂಟನೆಯ ಸಂಪುಟಕ್ಕೆ ಸಂಗೀತ ವಾದ್ಯಗಳ ಬಗ್ಗೆ ಬರೆಯಲು ಅವರನ್ನೇ ಆಹ್ವಾನಿಸಲಾಯಿತು. ಆ ಲೇಖನ 1927ರಲ್ಲಿ ಪ್ರಕಟವಾಯಿತು.

ಸೇವೆಗೆ ರಾಜೀನಾಮೆ

ಈ ನಡುವೆ ಅವರು ಜೀವನದ ಅತಿ ಮುಖ್ಯ ತೀರ್ಮಾನವನ್ನು ಕೈಗೊಂಡಿದ್ದರು. ಕಲ್ಕತ್ತಾ ವಿಶ್ವವಿದ್ಯಾನಿಲಯದ ಸರ್ ಆಶುತೋಷ್ ಮುಖರ್ಜಿಯವರು ತಾರಕನಾಥ್ ಪಾಲಿತ್ ಅವರ ದತ್ತಿಯಿಂದ ಸ್ಥಾಪಿತವಾದ ಭೌತಶಾಸ್ತ್ರ ಪೀಠಕ್ಕೆ ಅವರನ್ನು ಆಹ್ವಾನಿಸಿದರು. ಪ್ರಾಧ್ಯಾಪಕರ ವೇತನ ಅವರು ಪಡೆಯುತ್ತಿದ್ದ ವೇತನದ ಸುಮಾರು ಅರ್ಧದಷ್ಟು. ಇಲಾಖೆಯಲ್ಲಿ ಬಡ್ತಿ ನಿಶ್ಚಿತವಾಗಿತ್ತು, ನಿವೃತ್ತಿ ವೇತನವೂ ಇತ್ತು. ಮನೆಯಲ್ಲಿ ತಂದೆ 1910ರಲ್ಲಿಯೇ ತೀರಿಕೊಂಡಿದ್ದರು. ಸರ್ಕಾರಿ ಸೇವೆಯ ಬೆಲೆ ಬಲ್ಲವರಿಗೆ ಈ ತ್ಯಾಗದ ಪ್ರಮಾಣ ಸುಲಭವಾಗಿ ಅರ್ಥವಾಗುತ್ತದೆ. ದತ್ತಿಯ ನಿಯಮದಂತೆ ಪೀಠಕ್ಕೆ ನೇಮಕವಾಗುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕಿತ್ತು. ಅದಕ್ಕಾಗಿ ವಿದೇಶಕ್ಕೆ ಹೋಗಲು ರಾಮನ್ ನಿರಾಕರಿಸಿದರು. ವಿಶ್ವವಿದ್ಯಾನಿಲಯವೇ ನಿಯಮ ಸಡಿಲಿಸಿತು. 1917ರಲ್ಲಿ ಅವರು ಸೇವೆಗೆ ರಾಜೀನಾಮೆ ನೀಡಿ ಪೀಠವನ್ನು ಅಲಂಕರಿಸಿದರು.

ಪಿಸುಮಾತಿನ ಗುಮ್ಮಟಗಳು

1921ರಲ್ಲಿ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದಾಗ ಅವರು ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟದಲ್ಲಿ ಪ್ರಯೋಗ ನಡೆಸಿದರು. ಸುಮಾರು 34 ಮೀಟರ್ ವ್ಯಾಸದ ಆ ವರ್ತುಲದಲ್ಲಿ ಗೋಡೆಯ ಬಳಿ ಪಿಸುಗುಟ್ಟಿದರೆ ಎದುರಿನ ಗೋಡೆಯ ಬಳಿ ನಿಂತವರಿಗೆ ಕೇಳುತ್ತದೆ. ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಈ ಅನುಭವ ಹೊಸದಲ್ಲ. 1656ರಲ್ಲಿ ಪೂರ್ಣಗೊಂಡ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಮಾತಿನಲ್ಲಿ ಹೆಚ್ಚು ಆವೃತ್ತಿಯ, ಅಂದರೆ ಅಲೆಯ ಉದ್ದ ಕಡಿಮೆಯಿರುವ ಶಬ್ದವೇ ಪ್ರಧಾನ. ಅಂತಹ ಅಲೆಗಳು ಒಳಬಾಗಿದ ಗೋಡೆಯನ್ನು ಬಿಡದೆ ಅದರ ಉದ್ದಕ್ಕೂ ತೆವಳುತ್ತ ಸಾಗುತ್ತವೆಂದು ರ‍್ಯಾಲೆ ತೋರಿಸಿದ್ದರು. ಗೋಡೆಯಿಂದ ಒಳಕ್ಕೆ ಸರಿದಂತೆ ಶಬ್ದ ಒಂದೇ ಸಮನೆ ಕ್ಷೀಣಿಸದೆ, ಜೋರು ಮತ್ತು ಮೆಲುವಿನ ಪಟ್ಟೆಗಳಾಗಿ ಏರಿಳಿಯುತ್ತದೆಂಬುದನ್ನು ರಾಮನ್ ಮತ್ತು ಅವರ ಸಹೋದ್ಯೋಗಿ ಸದರ್‌ಲ್ಯಾಂಡ್ ಕಂಡುಕೊಂಡರು. ರಾಯಲ್ ಸೊಸೈಟಿ ಅದನ್ನು 1922ರಲ್ಲಿ ಪ್ರಕಟಿಸಿತು.

ಅದೇ ಪ್ರವಾಸದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಬಣ್ಣ ಅವರ ಮನಸ್ಸನ್ನು ಬೆಳಕಿನ ಕಡೆಗೆ ಸೆಳೆಯಿತು. 1924ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧ, 1930ರಲ್ಲಿ ನೊಬೆಲ್ ಪಾರಿತೋಷಕ ದೊರೆತ ವಿವರಗಳು ಸರ್ವವಿದಿತ. ಈ ಶೋಧದಲ್ಲಿಯೂ ಕಂಪನವೇ ಮುಖ್ಯ. ಪ್ರತಿ ಅಣುವಿಗೂ, ವಾದ್ಯಕ್ಕೆ ಇರುವಂತೆಯೇ, ತನ್ನದೇ ಆದ ಕಂಪನಗಳಿವೆ. ಅಣುವಿನಿಂದ ಚದುರಿದ ಬೆಳಕಿನ ಆವೃತ್ತಿಯಲ್ಲಿ ಕಾಣುವ ವ್ಯತ್ಯಾಸ ಆ ಕಂಪನದ ಆವೃತ್ತಿಯಷ್ಟೇ ಆಗಿರುತ್ತದೆ.

ಬೆಂಗಳೂರಿನಲ್ಲಿ

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದರು. 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯನ್ನು ಸ್ಥಾಪಿಸಿದರು. ಮೃದಂಗದ ವಿಸ್ತೃತ ಲೇಖನ ಇದೇ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ ಬಂದಿತು.

ಶಬ್ದ ಮತ್ತು ಬೆಳಕು ಎರಡೂ ಅವರ ಕೆಲಸದಲ್ಲಿ ಒಂದಾದುದು ಇಲ್ಲಿಯೇ. ಕಿವಿಗೆ ಕೇಳದ, 20,000 ಹರ್ಟ್ಜ್‌ಗಿಂತ ಬಹಳ ಹೆಚ್ಚಿನ ಆವೃತ್ತಿಯ ಶಬ್ದವನ್ನು ದ್ರವದ ಮೂಲಕ ಹಾಯಿಸಿದರೆ ಅದರಲ್ಲಿ ಸಾಂದ್ರ ಮತ್ತು ವಿರಳ ಪದರಗಳು ಸಾಲಾಗಿ ಏರ್ಪಡುತ್ತವೆ. ಅಡ್ಡಲಾಗಿ ಬೆಳಕನ್ನು ಹಾಯಿಸಿದಾಗ ಒಂದೇ ಕಿರಣ ಹಲವು ಕಿರಣಗಳಾಗಿ ಕವಲೊಡೆಯುವುದನ್ನು 1932ರಲ್ಲಿ ಅಮೆರಿಕ ಹಾಗೂ ಫ್ರಾನ್ಸಿನ ವಿಜ್ಞಾನಿಗಳು ಕಂಡಿದ್ದರು. ಸಾಂದ್ರ ಪದರದಲ್ಲಿ ಬೆಳಕು ನಿಧಾನವಾಗಿಯೂ ವಿರಳ ಪದರದಲ್ಲಿ ವೇಗವಾಗಿಯೂ ಸಾಗುವುದರಿಂದ ಹೊರಬರುವ ಬೆಳಕಿನ ಅಲೆ ಸುಕ್ಕುಗಟ್ಟುತ್ತದೆ, ಆ ಸುಕ್ಕಿನಿಂದಲೇ ಕವಲುಗಳು ಹುಟ್ಟುತ್ತವೆ ಎಂದು ರಾಮನ್ ಮತ್ತು ನಾಗೇಂದ್ರನಾಥ್ ಅವರು 1935-36ರಲ್ಲಿ ಲೇಖನಮಾಲೆಯ ಮೂಲಕ ವಿವರಿಸಿದರು. ಲೇಸರ್ ಕಿರಣವನ್ನು ಶಬ್ದದ ಸಹಾಯದಿಂದ ನಿಯಂತ್ರಿಸುವ ಸಾಧನಗಳ ವಿವರಣೆಯಲ್ಲಿ ಇಂದಿಗೂ ಇವರಿಬ್ಬರ ಹೆಸರು ಬಳಕೆಯಲ್ಲಿದೆ.

ಆಡಳಿತ ಮಂಡಳಿಯೊಡನೆ ಭಿನ್ನಾಭಿಪ್ರಾಯದಿಂದ 1937ರಲ್ಲಿ ನಿರ್ದೇಶಕ ಸ್ಥಾನವನ್ನು ತೊರೆದರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು. ರಾಜಿಯ ಸ್ವಭಾವ ಅವರದಾಗಿರಲಿಲ್ಲ. ನಂತರ ಮೈಸೂರು ಮಹಾರಾಜರು ಅಕಾಡೆಮಿಗೆ ನೀಡಿದ್ದ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಕೊನೆಯವರೆಗೂ ಅಲ್ಲಿ ದುಡಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು.

1970ರ ನವೆಂಬರ್ 21ರಂದು ರಾಮನ್ ಅವರು ಬೆಂಗಳೂರಿನಲ್ಲಿ ನಿಧನರಾದರು. ಸಂಸ್ಥೆಯ ಆವರಣದಲ್ಲಿಯೇ ಅಂತ್ಯಕ್ರಿಯೆ ನೆರವೇರಿತು. ಆ ಸ್ಥಳದಲ್ಲಿ ಸಮಾಧಿಯನ್ನು ಕಟ್ಟದೆ ಒಂದು ಮರವನ್ನು ನೆಡಲಾಯಿತು.